ಮೆಲ್ಲಗೆ ಮಾತಾಡುವ ಮೇಸ್ತ್ರಿ

ಮೇಸ್ತ್ರಿ ರಾಮಾಂಜಿನಪ್ಪನಿಗೆ ಬಾಯಿಗಿಂತ ಕೈ ಮುಂದು. ಶಿಡ್ಲಘಟ್ಟದ ಚೆನ್ನರಾಯಪ್ಪನವರ ಗೂಡು ಬೇಯಿಸಿ ರೇಷ್ಮೆ ಎಳೆ ಬಿಚ್ಚುವ ಶೆಡ್ಡಿನಲ್ಲಿ ಹದಿನಾರು ಒಲೆ, ಹದಿನಾರು ಹೆಂಗಸರು. ಎಳೆ ಕಡಿದರೆ ಏಟು, ಪಕ್ಕದವಳ ಜೊತೆ ನಕ್ಕರೆ ಏಟು. ಥೂ, ಅದೆಂಥ ಬುದ್ಧಿಯೋ! ಅರವತ್ನಾಲ್ಕರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹೆಂಗಸರೆಲ್ಲ ಒಲೆ ಹೊತ್ತಿಸದೆ ಹೊರಗೆ ಕೂತುಬಿಟ್ಟರು. ಚೆನ್ನರಾಯಪ್ಪನವರು ಮೇಸ್ತ್ರಿಯನ್ನು ಕರೆದು, "ಇನ್ನೊಂದ್ಸಲ ಕೈ ಎತ್ತಿದ್ರೆ ನಿನ್ನ ದಾರಿ ನೀನು ನೋಡ್ಕೊ. ಚಿಕ್ಕಬಳ್ಳಾಪುರದಲ್ಲಿ ಮೇಸ್ತ್ರಿಗಳಿಗೆ ಮೂರು ದಿನದ ತರಬೇತಿ ಐತಂತೆ, ಹೋಗಿ ಕಲ್ತ್ಕೊಂಡು ಬಾ" ಎಂದರು.

ಐವತ್ತು ದಾಟಿದವನು, ಬೇರೆ ಕೆಲಸ ಗೊತ್ತಿಲ್ಲದವನು. ಹೋಗದೆ ಏನು ಮಾಡಿಯಾನು?

ಕಲಿಸಿದವರು ಅನಂತರಾಮಯ್ಯ ಎಂಬ ನಿವೃತ್ತ ಹೆಡ್‌ಮಾಸ್ಟರು. ಸಿಟ್ಟಿಗೆದ್ದವರಿಂದ ಎರಡು ಮಾರು ದೂರ ನಿಲ್ಲಿ, ಅಂಗೈ ಕಾಣುವಂತಿರಲಿ, ಬಾಗಿಲಿಗೆ ಅಡ್ಡ ಬರಬೇಡಿ, ದನಿ ತಗ್ಗಿಸಿ, ಏನಾಯಿತೆಂದು ಕೇಳಿ ಎಂದರು. ಅಭ್ಯಾಸಕ್ಕೆ ಗೌರಿಬಿದನೂರಿನ ಮೀಸೆಯ ಮೇಸ್ತ್ರಿಯೊಬ್ಬ ಟವೆಲ್ಲನ್ನೇ ಸೆರಗಿನಂತೆ ಹೊದ್ದು ಕೋಪದ ಹೆಂಗಸಾದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ರಾಮಾಂಜಿನಪ್ಪ ನಗಲಿಲ್ಲ, ಒಂದೊಂದನ್ನೂ ಬಾಯಿಪಾಠ ಮಾಡಿಕೊಂಡ.

ಸೋಮವಾರ ಶೆಡ್ಡಿಗೆ ಬಂದವನು ಕೈ ಹಿಂದೆ ಕಟ್ಟಿಕೊಂಡು ಮೆಲ್ಲಗೆ ಮಾತಾಡತೊಡಗಿದ. ಹಿರಿಯಳಾದ ಮುನಿಗಂಗಮ್ಮ, "ಏನ್ರೇ ಇದು, ಮೇಸ್ತ್ರಿಗೆ ಜ್ವರಗಿರ ಬಂದೈತಾ?" ಎಂದಳು. ನಗು ಶೆಡ್ಡು ಸುತ್ತಿತು. ಅವನು ಅದನ್ನೂ ನುಂಗಿಕೊಂಡ.

ನಾಲ್ಕನೇ ಒಲೆಯ ಓಬಳಮ್ಮನ ಎಳೆ ಕಡಿದಿತ್ತು. ಅವಳ ಎಡಕ್ಕೆ ನಿಂತು, "ಓಬಳಮ್ಮಾ, ಎಳೆ ನೋಡಮ್ಮ" ಎಂದ. ಅವಳು ತಿರುಗಲಿಲ್ಲ. ಮತ್ತೆರಡು ಸಲ ಕರೆದ. ಊಹೂಂ. ಸುತ್ತಲವರು ನೋಡುತ್ತಿದ್ದರು. ಹೊಡೆಯುವುದು ಬಿಟ್ಟ ಮೇಲೆ ನಾಯಿಗಿಂತ ಕಡೆಯಾದೆನಲ್ಲ ಎಂದುಕೊಂಡ. ಅವಳೆದುರಿಗೆ ಬಂದು, "ಇಷ್ಟು ಕೊಬ್ಬಾ? ನಾಳೆಯಿಂದ ಬರಬೇಡ" ಎಂದ.

ಓಬಳಮ್ಮ ಎದ್ದಳು. ಬಲಗೈಯಲ್ಲಿ ಗೂಡು ಬೇಯಿಸುವ ಸೌಟು, ಅದರ ತುಂಬ ಕುದಿಯುವ ನೀರು.

"ಯಾಕೆ ಬರಬಾರ್ದು? ಹೇಳು, ಯಾಕೆ?"

ಎಳೆ ಸುತ್ತುವ ಚರಕಗಳೆಲ್ಲ ನಿಂತವು. ರಾಮಾಂಜಿನಪ್ಪನ ಕೈ ತಾನಾಗಿಯೇ ಮೇಲೇಳುತ್ತಿತ್ತು. ಎದ್ದರೆ ಕೆಲಸ ಹೋಯಿತು, ಏಳದಿದ್ದರೆ ಮುಖ ಬೆಂದೀತು. ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಅವಳ ಎಡಕ್ಕೆ ಎರಡು ಮಾರು ಸರಿದು, ಬಾಗಿಲು ಬಿಟ್ಟುಕೊಟ್ಟು, ಅಂಗೈ ತೋರಿಸಿ, ದನಿ ತಗ್ಗಿಸಿ ಕೇಳಿದ, "ಏನಾಯ್ತಮ್ಮಾ? ಹೇಳು, ಕೇಳ್ತೀನಿ."

"ಏನಂದೆ?"

"ಏನಾಯ್ತಮ್ಮಾ ಅಂದೆ."

"ಆ ಕಡೆ ನಿಂತು ಗೊಣಗಿದ್ರೆ ಹೆಂಗಯ್ಯ ಕೇಳ್ಸುತ್ತೆ? ಆ ಕಿವಿ ಸತ್ತು ತಿಂಗಳಾಯ್ತು. ಯುಗಾದಿ ಮಾರನೇ ದಿನ ನೀನು ಬಾರಿಸಿದ್ಯಲ್ಲ, ಅವತ್ತಿಂದ." ಅವಳು ಎಡಗಿವಿ ಮುಟ್ಟಿ ತೋರಿಸಿದಳು. "ಕೂಗ್ತಿದ್ದಾಗ ಹೆಂಗೋ ಕೇಳಿಸ್ತಿತ್ತು. ಈಗ ಮೆಲ್ಲಗೆ ಮಾತಾಡೋದ್ ಕಲ್ತ್ಕೊಂಡು ಬಂದು ಬರಬೇಡ ಅಂತೀಯಾ? ಮಾತಾಡೋದಿದ್ರೆ ಈ ಕಡೆ ಬಾ."

ಈ ಕಡೆ ಎಂದರೆ ಬಲಗಡೆ, ಸೌಟಿದ್ದ ಕಡೆ.

ಯುಗಾದಿ ಮಾರನೇ ದಿನ ಯಾರಿಗೆ ಹೊಡೆದಿದ್ದನೋ ರಾಮಾಂಜಿನಪ್ಪನಿಗೆ ನೆನಪೇ ಇರಲಿಲ್ಲ. ಅದು ಅವನನ್ನು ನಾಚಿಸಿತು. ಹೀಗಾದರೆ ಏನು ಮಾಡಬೇಕೆಂದು ಅನಂತರಾಮಯ್ಯನವರು ಹೇಳಿಕೊಟ್ಟಿರಲಿಲ್ಲ. ಅವನು ಒಲೆ ಬಳಸಿ ಬಂದು ಅವಳ ಬಲಗಿವಿಯ ಹತ್ತಿರ ನಿಂತ. ಸೌಟಿನ ಹಬೆ ಕೆನ್ನೆಗೆ ತಾಗುತ್ತಿತ್ತು.

"ತಪ್ಪಾಯ್ತಮ್ಮ. ಕೆಲಸ ಬಿಡಬೇಡ" ಎಂದ, ಅವಳಿಗಷ್ಟೇ ಕೇಳುವಂತೆ.

"ನಂಗೆ ಕೇಳಿಸ್ತು" ಎಂದಳು ಓಬಳಮ್ಮ. ಸೌಟು ಮಾತ್ರ ಇಳಿಯಲಿಲ್ಲ. "ನೀನು ಹೊಡ್ದಿದ್ದು ಇಡೀ ಶೆಡ್ಡಿಗೇ ಕೇಳಿಸಿತ್ತು. ಇದೂ ಕೇಳಿಸಲಿ."

ರಾಮಾಂಜಿನಪ್ಪ ಉಳಿದ ಹದಿನೈದು ಒಲೆಗಳ ಕಡೆ ತಿರುಗಿ ಕೂಗಿ ಹೇಳಿದ.