ಸೂಜಿಯ ಪರೀಕ್ಷೆ

ಒಂದು ಸೀಸೆ ಕಣ್ಣಿನ ಹನಿಗೆ ಮೂರು ಪ್ಯಾಂಟು ಗಿಡ್ಡ ಮಾಡಿದ ಕೂಲಿ. ತಿಂಗಳಿಗೊಂದು ಸೀಸೆ ಬೇಕು. ಮೊದಲನೆಯದು ಮುಗಿದ ಮೇಲೆ ನಾನು ಎರಡನೆಯದನ್ನು ಕೊಳ್ಳಲಿಲ್ಲ. ದುಡ್ಡಿಲ್ಲದೆ ಅಲ್ಲ. ಹಾಕಿದರೆ ಕಣ್ಣು ಉರಿಯುತ್ತಿತ್ತು, ಹಾಕದಿದ್ದರೆ ಏನೂ ಆಗುತ್ತಿರಲಿಲ್ಲ.

ಡಾಕ್ಟರಮ್ಮ ಆಗಲೇ ಬಿಡಿಸಿ ಹೇಳಿದ್ದರು: "ಇದು ಗ್ಲಾಕೋಮಾ. ಕಣ್ಣೊಳಗೆ ಒತ್ತಡ ಹೆಚ್ಚಾಗಿ ನರ ಸವೀತಾ ಇದೆ. ನೋವಿರಲ್ಲ, ನೋಟ ಅಂಚಿಂದ ಹೋಗುತ್ತೆ. ಹನಿ ಬಿಡಬೇಡಿ. ಒಡಹುಟ್ಟಿದವರಿಗೂ ಬರಬಹುದು, ಕರ್ಕೊಂಡು ಬನ್ನಿ."

ನನಗಿರುವುದು ಒಬ್ಬಳೇ ತಂಗಿ. ಕುಳ್ಳಿ ಅಂತಲೇ ಕರೆಯುವುದು. ನಮ್ಮ ಹೊಲಿಗೆ ಅಂಗಡಿಯಲ್ಲಿ ನನ್ನ ಎಡಕ್ಕೆ ಕೂತು ಗುಂಡಿ ಹಚ್ಚುತ್ತಾಳೆ. ಅವಳಿಗೂ ಹೇಳಲಿಲ್ಲ. ಕಣ್ಣಿಲ್ಲದ ದರ್ಜಿಗೆ ಯಾರು ಬಟ್ಟೆ ಕೊಡುತ್ತಾರೆ? ದಿನಾ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿ ನೋಡುತ್ತಿದ್ದೆ. ಒಂದೇ ಸಲಕ್ಕೆ ಹೋಗುತ್ತಿತ್ತು. ಪಾಸು!

ವರ್ಷ ಕಳೆಯುವಷ್ಟರಲ್ಲಿ ಸ್ಟೂಲು ಕಾಲಿಗೆ ತಾಗತೊಡಗಿತು, ಬಾಗಿಲು ಭುಜಕ್ಕೆ ಬಡಿಯತೊಡಗಿತು. ಎಲ್ಲವೂ ಎಡಗಡೆಯೇ.

"ದಾರೀಲಿ ಸ್ಟೂಲ್ ಇಡ್ತೀಯಲ್ಲೇ, ಬುದ್ಧಿ ಇದ್ಯಾ?"

"ಹತ್ತು ವರ್ಷದಿಂದ ಅದು ಅಲ್ಲೇ ಇದೆ ಅಣ್ಣ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ."

ಒಂದು ದಿನ ಬಟ್ಟೆ ಕೊಡವುವಾಗ ನನ್ನ ಮೊಣಕೈ ತಾಗಿ, ಕಾದ ಇಸ್ತ್ರಿ ಪೆಟ್ಟಿಗೆ ಅವಳ ಪಾದದ ಮೇಲೆ ಬಿತ್ತು. ಅವಳು ಚೀರಿದಳು. ನನ್ನ ಬಾಯಿಂದ ಮೊದಲು ಬಂದ ಮಾತು, "ಅದನ್ನ ಅಲ್ಲಿ ಯಾರೇ ಇಡು ಅಂದಿದ್ದು?"

"ನೀನೇ ಇಟ್ಟಿದ್ದು, ಈಗ!"

ಪಾದವನ್ನು ಬಕೆಟ್ಟಿನ ನೀರಿನಲ್ಲಿಟ್ಟುಕೊಂಡು ಅವಳು ನನ್ನನ್ನೇ ನೋಡಿದಳು. "ಅಣ್ಣಾ, ನನ್ನ ಕೈ ಕಾಣ್ತಿದ್ಯಾ?"

"ಯಾವ ಕೈ?"

ನನ್ನ ಎಡಗೆನ್ನೆಯ ಪಕ್ಕದಲ್ಲೇ ಬೆರಳು ಆಡಿಸುತ್ತಿದ್ದಳಂತೆ.

"ಸೂಜಿಗೆ ದಾರ ಪೋಣಿಸ್ತೀನಲ್ಲೇ ಕುಳ್ಳಿ..."

"ಸೂಜಿ ಮೂಗಿನ ಮುಂದಿರುತ್ತೆ ಅಣ್ಣ. ನಾನು ಪಕ್ಕದಲ್ಲಿರ್ತೀನಿ."

ಆಗ ಎಲ್ಲ ಹೇಳಿದೆ. ಒಡಹುಟ್ಟಿದವರ ಮಾತೊಂದನ್ನು ಬಿಟ್ಟು.

ಆಸ್ಪತ್ರೆಗೆ ಇಬ್ಬರೂ ಹೋದೆವು. ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತುವ ಪರೀಕ್ಷೆ. ಯಂತ್ರದಿಂದ ಬಂದ ನನ್ನ ಎಡಗಣ್ಣಿನ ಹಾಳೆಯಲ್ಲಿ ನಡುವೆ ಶರ್ಟಿನ ಗುಂಡಿಯಷ್ಟು ಬಿಳಿ, ಉಳಿದದ್ದೆಲ್ಲ ಕಪ್ಪು. ಕಪ್ಪಿದ್ದಲ್ಲಿ ನೋಟವಿಲ್ಲ.

"ಹೋಗಿದ್ದು ವಾಪಸ್ ಬರಲ್ಲ," ಎಂದರು ಡಾಕ್ಟರಮ್ಮ. "ಇರೋದನ್ನ ಹನಿ ಹಾಕಿ ಉಳಿಸ್ಕೊಳ್ಳೋಣ. ಸಾಲದಿದ್ರೆ ಲೇಸರ್, ಆಪರೇಷನ್."

ತಂಗಿಯನ್ನೂ ಕೂರಿಸಿ ಪರೀಕ್ಷೆ ಮಾಡಿದರು. ಅವಳ ಹಾಳೆಯಲ್ಲೂ ಒಂದು ಮೂಲೆ ಕಪ್ಪಾಗಿತ್ತು.

"ಹೋದ ವರ್ಷವೇ ಬರಬೇಕಿತ್ತಮ್ಮ. ನಿಮ್ಮಣ್ಣಂಗೆ ಹೇಳಿದ್ದೆನಲ್ಲ?"

ನಾನು ಅವಳ ಪಾದದ ಬ್ಯಾಂಡೇಜು ನೋಡುತ್ತಾ ಕೂತೆ. ಅವಳು ನನ್ನನ್ನು ಕಾಯದೆ ಕುಂಟುತ್ತಾ ಹೊರಗೆ ನಡೆದಳು.

ಈಗ ಕುಳ್ಳಿ ನನ್ನ ಬಲಕ್ಕೆ ಕೂರುತ್ತಾಳೆ. ಅಂಗಡಿ ಮುಚ್ಚುವ ಮುಂಚೆ ನಾನು ಅವಳಿಗೆ, ಅವಳು ನನಗೆ ಹನಿ ಹಾಕುತ್ತೇವೆ. ನನ್ನ ಎಡಗಣ್ಣು ಬಹುಪಾಲು ಹೋಯಿತು. ಮಾಡಿದ್ದುಣ್ಣೋ ಮಹರಾಯ ಅಂದುಕೊಳ್ಳಬಹುದು. ಅವಳ ಕಣ್ಣಿನ ಒಂದು ಮೂಲೆ ಹೋಯಿತು. ಅದನ್ನೂ ಮಾಡಿದವನು ನಾನೇ.