ಹಾಡಮ್ಮನ ಮನೆಗೆ ದಾರಿ

ಈಗ ಆ ಬೋರ್ಡೂ ಇಲ್ಲ, ಆ ಕೋಣೆಯೂ ಇಲ್ಲ. ಆಗ ಟೆಲಿಫೋನ್ ಎಕ್ಸ್‌ಚೇಂಜಿನ ಮೇಲಿನ ಮಹಡಿಯಲ್ಲಿ ಪರದೇಶದ ಕರೆಗಳ ವಿಭಾಗವಿತ್ತು. ಗೋಡೆಯುದ್ದಕ್ಕೂ ತಂತಿ ಸಿಕ್ಕಿಸುವ ತೂತುಗಳ ಹಲಗೆ, ಅದರೆದುರು ತಿರುಗುವ ಕುರ್ಚಿಗಳ ಸಾಲು. ಹೆಡ್‌ಸೆಟ್ಟು ಸಿಕ್ಕಿಸಿಕೊಂಡು ಕೂತರೆ ಊಟದ ಹೊತ್ತಿನವರೆಗೂ ಕತ್ತು ಹೊರಳಿಸಲು ಬಿಡುವಿಲ್ಲ. ನನ್ನನ್ನು ಆ ಕೆಲಸಕ್ಕೆ ಸೇರಿಸಿದ್ದು ನಮ್ಮಣ್ಣನ ಹೆಂಡತಿ. ಮನೆಯಲ್ಲಿ ನನ್ನೊಬ್ಬಳಿಗೆ ಅತ್ತಿಗೆಯಾಗಿದ್ದವಳು ಅಲ್ಲಿ ಎಲ್ಲರಿಗೂ ಅತ್ತಿಗೆ.

ಇಂಗ್ಲಿಷ್ ಎಂದರೆ ಒಂದೇ ಎಂದುಕೊಂಡು ಹೋಗಿದ್ದೆ. ಮೊದಲ ದಿನವೇ ಆ ಭ್ರಮೆ ಬಿಟ್ಟಿತು. ಒಂದು ದೇಶದವರು ಅರ್ಧ ಮಾತನ್ನು ನುಂಗುತ್ತಿದ್ದರು, ಇನ್ನೊಂದು ದೇಶದವರು ಮೂಗಿನಲ್ಲಿ ಎಳೆಯುತ್ತಿದ್ದರು, ಮತ್ತೊಂದು ಕಡೆಯವರು ಬಸ್ಸು ತಪ್ಪಿಹೋಗುವವರ ಹಾಗೆ ಓಡುತ್ತಿದ್ದರು. ಯಾವುದನ್ನು ತಪ್ಪು ಎನ್ನುವುದು? ಅವರವರ ತಾಯಿ ಮಾತಾಡಿದ್ದೇ ಹಾಗೆ. ಹಾಗಾಗಿ ನಾವು ಕರೆಗಳನ್ನು ಕಿವಿ ನೋಡಿ ಹಂಚಿಕೊಂಡಿದ್ದೆವು.

“ಲೇ, ನುಂಗೋರು ಬಂದ್ರು, ನೀನು ತಗೋ.”

“ನಂಗೆ ಮೂಗಿನೋರು ಸಾಕಾಗಿದಾರೆ ಮಾರಾಯ್ತಿ, ಅತ್ತಿಗೆಗೆ ಕೊಡು.”

ಯಾರ ಕೈಗೂ ಹತ್ತದ ಕರೆ ಅತ್ತಿಗೆಯ ಪಾಲು. ಅವಳಿಗೆ ಅರ್ಥವಾಗದ ಇಂಗ್ಲಿಷೇ ಇರಲಿಲ್ಲ. ಅಷ್ಟೇ ಅಲ್ಲ, ನುಂಗುವವರ ಜೊತೆ ಅವಳೂ ನುಂಗುತ್ತಿದ್ದಳು, ಎಳೆಯುವವರ ಜೊತೆ ಎಳೆಯುತ್ತಿದ್ದಳು. ಬೇಕೆಂದು ಮಾಡುತ್ತಿದ್ದುದಲ್ಲ. ಎದುರಿನವರು ನಕ್ಕರೆ ನಮಗೂ ನಗು ಬರುತ್ತದಲ್ಲ, ಹಾಗೆ. ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಅದರ ಜಾಡು ನಾಲಿಗೆಯಲ್ಲಿರುತ್ತಿತ್ತು. ಅಣ್ಣ ಹೊಲಿಗೆ ಮಿಷನ್ ರಿಪೇರಿಯವನು. ಎಣ್ಣೆಗೈಯಲ್ಲೇ ತಲೆಯೆತ್ತಿ, “ಇವತ್ತು ಯಾವ ದೇಶದ ಹೆಂಡ್ತಿ ಬಂದಿದ್ದಾಳೆ ನಮ್ಮನೆಗೆ?” ಎನ್ನುತ್ತಿದ್ದ.

ಅತ್ತಿಗೆಗೆ ಎಲ್ಲರಿಗಿಂತ ಇಷ್ಟವಾದವಳು ಹಾಡಮ್ಮ. ದೂರದ ಯಾವುದೋ ದ್ವೀಪದ ಮುದುಕಿ. ಗಂಡ ನಮ್ಮ ಬಂದರಿನಲ್ಲಿ ಕ್ರೇನ್ ಮೆಕ್ಯಾನಿಕ್. ವಾರಕ್ಕೊಮ್ಮೆ ಅವನೊಡನೆ ಮಾತಾಡಲು ಕರೆ ಮಾಡುತ್ತಿದ್ದಳು. ಆ ದ್ವೀಪದವರ ಇಂಗ್ಲಿಷ್ ತೊಟ್ಟಿಲು ತೂಗಿದ ಹಾಗೆ ಏರಿ ಇಳಿಯುತ್ತಿತ್ತು. ನಾವೇ ಅವಳಿಗೆ ಆ ಹೆಸರಿಟ್ಟದ್ದು. ಲೈನು ಸಿಗುವವರೆಗೆ ಅವಳೂ ಅತ್ತಿಗೆಯೂ ಹಾಗೇ ತೂಗುತ್ತಾ ಹವಾಮಾನ, ಮೊಣಕಾಲು ನೋವು, ಸೊಸೆಯ ದುಂದುಗಾರಿಕೆ ಎಲ್ಲ ಮಾತಾಡಿ ಮುಗಿಸುತ್ತಿದ್ದರು.

ಹೀಗಿರುವಾಗ ಒಂದು ದೂರು ಬಂತು. ಯಾವುದೋ ದೇಶದ ದೊಡ್ಡ ಮನುಷ್ಯ, ನಿಮ್ಮ ಆಪರೇಟರ್ ನನ್ನ ಮಾತನ್ನು ಅಣಕಿಸಿದಳು ಎಂದು ಮೇಲಿನವರಿಗೆ ಹೇಳಿದ್ದ. ಆವತ್ತು ಆ ಕುರ್ಚಿಯಲ್ಲಿದ್ದವಳು ಅತ್ತಿಗೆ. ಹೊಸದಾಗಿ ಬಂದಿದ್ದ ಸಾಹೇಬರು ಕೆಟ್ಟವರಲ್ಲ, ಆದರೆ ದೂರಿಗೆ ಉತ್ತರ ಕೊಡಬೇಕಲ್ಲ. ಒಂದು ಟೇಪ್ ತರಿಸಿದರು. ಅದರಲ್ಲಿ ಒಬ್ಬಳು ಇಸ್ತ್ರಿ ಹಾಕಿದ ಹಾಗೆ ಇಂಗ್ಲಿಷ್ ಮಾತಾಡುತ್ತಿದ್ದಳು. ಇನ್ನು ಮುಂದೆ ಎಲ್ಲರದೂ ಇದೇ ಧಾಟಿ, ಯಾವ ದೇಶದವರೇ ಬರಲಿ. ಸಾಹೇಬರೇ ಲೈನಿನಲ್ಲಿ ಕೂತು ಕೇಳುತ್ತಾರೆ, ಆಗದವರು ಕೆಳಗಿನ ಎನ್‌ಕ್ವೈರಿಗೆ. ಅಲ್ಲಿ ಸಂಬಳ ಅಷ್ಟೇ, ಕೆಲಸವೂ ಕಡಿಮೆ. ಆದರೆ ಊರವರು ಊರಿನ ನಂಬರು ಕೇಳುವ ಜಾಗ ಅದು.

ನಮಗೆಲ್ಲ ಕಷ್ಟವಾಗಲಿಲ್ಲ. ಅತ್ತಿಗೆಯೂ ಟೇಪಿನ ಜೊತೆ ಕೂತಾಗ ಟೇಪಿನವಳ ತಂಗಿಯ ಹಾಗೇ ಮಾತಾಡುತ್ತಿದ್ದಳು. ಜೀವ ಇರುವ ದನಿ ಕಿವಿಗೆ ಬಿದ್ದರೆ ಮಾತ್ರ ನಾಲಿಗೆ ಅತ್ತ ವಾಲುತ್ತಿತ್ತು.

“ಗಟ್ಟಿ ಮನಸು ಮಾಡಿ ಅತ್ತಿಗೆ,” ಎಂದೆ. “ನೀವು ಕೆಳಗೆ ಹೋದ್ರೆ ನಂಗೆ ಇಲ್ಲಿ ಯಾರು ಗತಿ?”

“ಮಾಡ್ತೀನಿ ಕಣೇ. ಈ ಕುರ್ಚಿ ಬಿಟ್ಟು ನಾನೆಲ್ಲಿಗೆ ಹೋಗ್ಲಿ? ಬಸ್ಸಲ್ಲಿ ಮನೆಗೆ ಬರೋದು ಬಿಟ್ರೆ ಬೇರೆ ದಾರಿ ಕಂಡೋಳಲ್ಲ ನಾನು. ನೋಡಿದ ಲೋಕ ಅಂದ್ರೆ ಇದೇ.”

ಸಾಹೇಬರು ಅವಳ ಲೈನಿನಲ್ಲಿ ಕೂತ ದಿನ ಬೆಳಗಿನಿಂದ ಚೆನ್ನಾಗಿಯೇ ನಡೆಯಿತು. ನುಂಗುವವರು ಬಂದರು, ಅತ್ತಿಗೆ ಇಸ್ತ್ರಿ ಕೆಡಿಸಲಿಲ್ಲ. ಓಡುವವರು ಬಂದರು, ಜೊತೆಗೆ ಓಡಲಿಲ್ಲ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ಇನ್ನೇನು ಏಳಬೇಕು, ಹಾಡಮ್ಮನ ಕರೆ ಬಂತು. ನಾನು ಪಕ್ಕದ ಕುರ್ಚಿಯಲ್ಲಿ ಅದೇ ಲೈನಿಗೆ ಕಿವಿ ಕೊಟ್ಟಿದ್ದೆ.

ಅತ್ತಿಗೆ ಟೇಪಿನಂತೆ ನಮಸ್ಕರಿಸಿ ನಂಬರು ಕೇಳಿದಳು.

“ನೀನು ಯಾರಮ್ಮ?” ಎಂದಳು ಹಾಡಮ್ಮ. “ಅಲ್ಲಿ ನಮ್ಮೂರ ಹುಡುಗಿ ಒಬ್ಬಳು ಇರ್ತಿದ್ದಳಲ್ಲ?”

ನಾನು ಅತ್ತಿಗೆಯ ಮುಖ ನೋಡಿದೆ. ಇಷ್ಟು ವರ್ಷ ಆ ಮುದುಕಿ ಹೀಗೆ ತಿಳಿದಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ. ಅತ್ತಿಗೆ ಮತ್ತೆ ಟೇಪಿನ ದನಿಯಲ್ಲೇ ನಂಬರು ಕೇಳಿದಳು.

“ಅವಳಿಗೇನಾಯ್ತು? ಹುಷಾರಾಗಿದ್ದಾಳೆ ತಾನೇ? ನನ್ನ ಗಂಡನಿಗೆ ಧೈರ್ಯವಾಗಿ ಹೇಳಿದ್ದೆ, ಪರದೇಶದಲ್ಲಿ ನಿಮಗೇನಾದ್ರೂ ಆದ್ರೆ ನಮ್ಮೂರ ಕೂಸು ಒಂದಿದೆ ಅಂತ.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಅತ್ತಿಗೆ ಅದನ್ನು ನೋಡಿದಳು. ನೋಡಿಯೇ, ತೊಟ್ಟಿಲು ತೂಗಿದ ಹಾಗೆ, “ಇಲ್ಲೇ ಇದ್ದೀನಮ್ಮ, ನೆಗಡಿಯಾಗಿತ್ತು ಅಷ್ಟೇ,” ಎಂದಳು.

ಆಚೆ ಕಡೆಯ ನಿಟ್ಟುಸಿರು ನನ್ನ ಕಿವಿಯಲ್ಲಿ ಇನ್ನೂ ಇದೆ.

ಕರೆ ಮುಗಿದ ಮೇಲೆ ಸಾಹೇಬರು, “ನಿಮ್ಮವರು ಆ ಕಡೆಯವರಾ?” ಎಂದು ಕೇಳಿದರು.

“ಇಲ್ಲ ಸಾರ್.”

“ಮತ್ತೆ ಅವರಿಗೆ ಸುಳ್ಳು ಹೇಳಿದ ಹಾಗಾಯ್ತಲ್ಲಮ್ಮ.”

“ನಾನು ಹೇಳಿಲ್ಲ ಸಾರ್, ಅವರೇ ಅಂದ್ಕೊಂಡ್ರು. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ.”

ಅವರು ತಲೆಯಾಡಿಸಿದರು, ಆದರೆ ಬರೆಯಬೇಕಾದದ್ದನ್ನು ಬರೆದರು. ಮುಂದಿನ ವಾರದಿಂದ ಅತ್ತಿಗೆ ಎನ್‌ಕ್ವೈರಿಗೆ ಹೋದಳು. ನಾನು ಗೊಣಗಿದರೆ, “ಬಿಡೇ, ಕೆಳಗೆ ಗಾಳಿ ಚೆನ್ನಾಗಿದೆ,” ಎನ್ನುತ್ತಿದ್ದಳು. ಸಂಜೆ ಮನೆಗೆ ನಾವಿಬ್ಬರೇ ಬರುತ್ತಿದ್ದೆವು, ಬೇರೆ ಯಾವ ದೇಶದವರೂ ಜೊತೆಗೆ ಬರುತ್ತಿರಲಿಲ್ಲ. ಅಣ್ಣ ತಮಾಷೆ ಮಾಡುವುದನ್ನೂ ಬಿಟ್ಟ.

ಹಾಡಮ್ಮ ಮತ್ತೆ ಕರೆ ಮಾಡಿದಾಗ ಸಿಕ್ಕಿದ್ದು ನಾನು. ನಮ್ಮೂರ ಹುಡುಗಿ ಎಲ್ಲಿ ಎಂದಳು. ಕೆಳಗೆ ಹಾಕಿದ್ದಾರೆ ಎಂದರೆ ನೊಂದುಕೊಳ್ಳುತ್ತಾಳೆ. “ಕೆಲಸ ಬಿಟ್ಟು ಊರಿಗೆ ಹೋದರು,” ಎಂದುಬಿಟ್ಟೆ. ಮುದುಕಿಗೆ ಹಿಡಿಸಲಾರದಷ್ಟು ಸಂತೋಷ. ಹಾಗಾದರೆ ನಮ್ಮನೆಗೆ ಬಂದೇ ಬರಬೇಕೆಂದು ಹೇಳಿ ಎಂದು ದಾರಿಯನ್ನೆಲ್ಲ ವಿವರಿಸಿದಳು.

ಸಂಜೆ ಮನೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಾ ಅತ್ತಿಗೆಗೆ ಹೇಳಿದೆ. “ದೋಣಿ ಇಳಿದು ಬಲಕ್ಕಂತೆ. ಬ್ರೆಡ್ ಅಂಗಡಿ ದಾಟಿ ದಿಬ್ಬ ಹತ್ತಿದ್ರೆ ನೀಲಿ ಗೇಟು. ನಾಯಿ ಇದೆ, ಕಚ್ಚಲ್ವಂತೆ.”

“ಅವರು ಹೇಳಿದ ಹಾಗೇ ಹೇಳೇ.”

ನನಗೆ ತಿಳಿದಷ್ಟು ಏರಿಸಿ ಇಳಿಸಿ ಹೇಳಿದೆ.

“ಅಯ್ಯೋ ನಿನ್ನ, ಹೀಗೆ ಹೇಳಿದ್ರೆ ಆ ನಾಯಿ ಕಚ್ಚದೆ ಬಿಡಲ್ಲ!”

ದುಪ್ಪಟಿಯ ತುದಿ ಹಿಡಿದುಕೊಂಡೇ ಅವಳು ಶುರುಮಾಡಿದಳು. ದೋಣಿಯಿಂದ ಇಳಿದಳು, ಬಲಕ್ಕೆ ತಿರುಗಿದಳು, ಬ್ರೆಡ್ ಅಂಗಡಿಯವನ ಯೋಗಕ್ಷೇಮ ಕೇಳಿದಳು, ಏದುಸಿರು ಬಿಡುತ್ತಾ ದಿಬ್ಬ ಹತ್ತಿದಳು. ಎಲ್ಲವೂ ಆ ತೂಗುವ ಇಂಗ್ಲಿಷಿನಲ್ಲೇ. ಅಣ್ಣ ಮಿಷನ್ನಿನ ಚಕ್ರ ನಿಲ್ಲಿಸಿ ಕೇಳುತ್ತಿದ್ದ. ನೀಲಿ ಗೇಟಿನ ಹತ್ತಿರ ಅವಳ ಮಾತು ನಿಂತಿತು.

“ಆಮೇಲೆ?” ಎಂದ ಅಣ್ಣ. “ಒಳಗೆ ಹೋಗು.”

“ಬೇಡ. ಹೋದ್ರೆ ಗೊತ್ತಾಗುತ್ತಲ್ಲ ಅವರಿಗೆ, ನಾನು ಅವರೂರಿನವಳಲ್ಲ ಅಂತ,” ಎಂದು ಅತ್ತಿಗೆ ದುಪ್ಪಟಿಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.