ಸಂತ ಕೊಲ್ವೆನ್‌ನ ಮೂಗಿನ ತಕರಾರು

೧
ಎಲ್ಲಿಂದ ಶುರು ಮಾಡಲಿ? ‘೧೮೪೬ರಲ್ಲಿ ಫ್ರಾನ್ಸಿನ ಬ್ರಿಟನಿಯಲ್ಲಿ ಒಂದು ಗಾಥಿಕ್ ಪ್ರಾರ್ಥನಾಮಂದಿರವಿತ್ತು’ ಎಂದು ಬರೆದೆ, ಹೊಡೆದುಹಾಕಿದೆ. ಪಠ್ಯಪುಸ್ತಕದ ವಾಸನೆ. ಓದುಗರೇ, ಮೂಗಿನಿಂದಲೇ ಶುರು ಮಾಡೋಣ.

ಅಲ್ಲಿನ ಮರದ ಸಂತರ ಸಾಲಿನಲ್ಲಿ ಕೊಲ್ವೆನ್‌ಗೆ ಮೂಗು ಅಷ್ಟಾಗಿ ಇಲ್ಲ. ಮದುವೆ ಬೇಕೆನ್ನುವ ಹುಡುಗಿಯರು ತಲೆತಲಾಂತರದಿಂದ ಗುಂಡುಸೂಜಿ ಚುಚ್ಚಿ ಚುಚ್ಚಿ ಅದನ್ನು ಸವೆಸಿದ್ದಾರೆ. ಸೂಜಿ ಬಿದ್ದರೆ ಆಸೆ ಬಿಡಬೇಕು. ನಿಂತಿರುವ ತನಕ ಗಂಡು ಬರಬಹುದು. ಮಂದಿರದ ಬೀಗದ ಕೈ ಇಟ್ಟುಕೊಂಡಿರುವ ಅಜೆನೋರ್‌ಳ ಸೂಜಿ ಹನ್ನೊಂದು ವರ್ಷದಿಂದ ನಿಂತಿದೆ. (ಅವಳ ವಯಸ್ಸನ್ನೂ ಬರೆದಿದ್ದೆ. ಅಳಿಸಿ ಎಂದಳು. ಅಳಿಸಿದೆ.)

೨
ಈ ಸಂತರನ್ನೆಲ್ಲ ಬರೆದುಕೊಂಡು ಹೋಗಿದ್ದ ಚಿತ್ರಕಾರ ಫಿರ್ಮಿನ್, ಲಿಥೋಗ್ರಾಫಿನ, ಅಂದರೆ ಕಲ್ಲಚ್ಚಿನ, ಮೊದಲ ಪ್ರತಿ ಹಿಡಿದು ಬಂದ. ಕೊಲ್ವೆನ್‌ಗೆ ನೀಟಾದ ಮೂಗು. ಸೂಜಿ ಒಂದೂ ಇಲ್ಲ. ಮಂದಿರದ ಪಾದ್ರಿಗಳು ಹಿಗ್ಗಿದರು.

“ಮೂಗು ಅಂದ್ರೆ ಇದು! ಸೋಮವಾರ ಬಡಗಿಗೆ ಹೇಳ್ತೀನಿ, ಇದನ್ನ ನೋಡ್ಕೊಂಡು ಹೊಸದು ಕೂರಿಸ್ಲಿ.”

ಹೊಸ ಮೂಗೆಂದರೆ ಹಳೆಯ ಸೂಜಿಗಳೆಲ್ಲ ಕಸಕ್ಕೆ. ಅಜೆನೋರ್‌ಳದೂ ಅದರಲ್ಲೇ. ಪಾದ್ರಿಗಳು ಹೊರಗೆ ಹೋದದ್ದೇ ತಡ, ಫಿರ್ಮಿನ್ ಮೇಲೆ ಹರಿಹಾಯ್ದಳು.

“ಯಾರ್ದು ಸ್ವಾಮಿ ಈ ಮೂಗು? ನಿಮ್ಮ ಮಾವಂದಾ?”

“ಪ್ಯಾರಿಸ್‌ನೋರು ಮೂಗಿಲ್ಲದ ಸಂತನ್ನ ಗೋಡೆಗೆ ಹಾಕ್ಕೊಳಲ್ಲಮ್ಮಾ.”

“ಅವರ ಗೋಡೆ ಹಾಳಾಗ್ಲಿ. ಚಿತ್ರದಲ್ಲಿ ಮೂಗಿಲ್ದಿದ್ರೆ ಬಡಗಿ ಏನು ನೋಡ್ಕೊಂಡು ಕೂರಿಸ್ತಾನೆ? ಇದ್ದ ಹಾಗೇ ಬರೀರಿ.”

“ಅಚ್ಚಿನ ಕಲ್ಲಿನ ಮೇಲೆ ಬರೆದಾಯ್ತು. ಕೆರೆದು ತಿದ್ದೋದು ಎಷ್ಟು ಕಷ್ಟ ಗೊತ್ತಾ?”

೩
ಇಲ್ಲಿ ಫಿರ್ಮಿನ್‌ನನ್ನೇ ಅವಳಿಗೆ ಗಂಟು ಹಾಕುವ ಒಂದು ಡ್ರಾಫ್ಟ್ ಬರೆದೆ. ಓದುಗರಿಗೂ ಮದುವೆ ಊಟ ಹಾಕಿಸಬಹುದಿತ್ತು. ಅಜೆನೋರ್ ನನ್ನ ಕಡೆ ತಿರುಗಿದಳು.

“ನಿಮ್ಮ ಕಥೆ ಮುಗೀಲಿ ಅಂತ ಸಿಕ್ಕಿದೋನನ್ನ ಕಟ್ಕೋಬೇಕಾ ನಾನು?”

ಇನ್ನೊಂದು ಡ್ರಾಫ್ಟಿನಲ್ಲಿ ಬಡಗಿಗೆ ಜ್ವರ ಬರಿಸಿದೆ. “ಪಾಪ, ಮಕ್ಕಳೊಂದಿಗ” ಎಂದು ಅದನ್ನೂ ಹರಿದುಹಾಕಿಸಿದಳು. ಇಂಥ ಪಾತ್ರ ಕಟ್ಟಿಕೊಂಡು ಏಗುವುದು ಸುಲಭವಲ್ಲ.

೪
ಕೊನೆಗೆ ಅವಳೇ ಫಿರ್ಮಿನ್‌ನ ರಟ್ಟೆ ಹಿಡಿದು ಸಂತನ ಮುಂದೆ ನಿಲ್ಲಿಸಿದಳು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಕಾಗದ ತೆಗೆದು ಕೂತ.

“ಸೂಜಿ ಎಷ್ಟಿವೆ?”

“ಏಳು. ಆರನ್ನ ಹೆಂಗಾದ್ರೂ ಬರ್ಕೊಳ್ಳಿ.” ಅವಳ ಧ್ವನಿ ಇಳಿಯಿತು. “ಎಡಗಡೆ ಒಂಚೂರು ಬಾಗಿದೆಯಲ್ಲ, ಅದೊಂದನ್ನ ಮಾತ್ರ ಸರಿಯಾಗಿ ಬರೀರಿ. ಬೀಳೋ ಹಾಗೆ ಕಾಣಬಾರದು.”

ಫಿರ್ಮಿನ್ ಪೆನ್ಸಿಲ್‌ಗೆ ಮೊನೆ ಮಾಡಿಕೊಂಡ.

ಪಾದ್ರಿಗಳು ಒಪ್ಪಿದರೇ? ಬಡಗಿ ಬಂದನೇ? ಗಂಡು? ಒಂದು ಅಂತ್ಯದಲ್ಲಿ ಬಂದ, ಇನ್ನೊಂದರಲ್ಲಿ ಇಲ್ಲ. ಎರಡನ್ನೂ ಬರೆದು ಅವಳ ಮುಂದಿಟ್ಟೆ. ಓದದೆಯೇ ಹಿಂದಕ್ಕೆ ಕೊಟ್ಟಳು.

“ಸೂಜಿ ಇನ್ನೂ ನಿಂತಿದೆಯಲ್ಲ,” ಎಂದಳು. “ಸುಮ್ನಿರಿ.”